ಘಮವಿಲ್ಲದ ಸಕ್ಕರೆ

ಪಾಯಸಕ್ಕೆ ಏಲಕ್ಕಿ ಕಾಳು ಬಿಡಿಸಿಕೊಂಡ ಮೇಲೆ ಸಿಪ್ಪೆಯನ್ನು ಸಕ್ಕರೆ ಡಬ್ಬಿಯಲ್ಲಿ ಹುದುಗಿಸಿಡುವುದು ವನಜಾಕ್ಷಮ್ಮನ ರೂಢಿ. ಟೀಗೂ ಕೇಕಿಗೂ ಅದೇ ಸಕ್ಕರೆ. ಹೋದ ತಿಂಗಳು ಜ್ವರ ಬಂದು ಮಲಗಿದಾಗ ಮಾತ್ರ ಡಬ್ಬಿ ಸೊಸೆಯ ಕೈಗೆ ಹೋಗಿತ್ತು.

ಇಂದು ಮುಚ್ಚಳ ತೆಗೆದು ಮೂಗಿಟ್ಟರೆ ಏನೂ ಇಲ್ಲ.

"ಯಾವ ಕಾಲದ ಸಿಪ್ಪೆ ಹಾಕಿದೀಯೇ ಸುಚೇತಾ? ಒಂಚೂರೂ ಘಮ ಇಲ್ಲ."

"ಹೊಸಾ ಏಲಕ್ಕೀನೇ ಅತ್ತೆ. ಘಮ್ ಅಂತಿದೆಯಲ್ಲ!"

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ? ಮೊನ್ನೆ ತಂದ ಮಲ್ಲಿಗೇನೂ ಹೀಗೇ. ಎಲ್ಲದರಲ್ಲೂ ಜಿಪುಣತನ!"

ಸುಚೇತಾ ಕಣ್ಣೊರೆಸಿಕೊಂಡು ಅಂಗಳಕ್ಕೆ ಹೋದಳು.

ತಾನೇ ಟೀ ಮಾಡಿಕೊಳ್ಳೋಣವೆಂದು ವನಜಾಕ್ಷಮ್ಮ ಪಾತ್ರೆ ಇಟ್ಟು ಒಲೆಯ ಗುಂಡಿ ತಿರುಗಿಸಿದರು. ಬೆಂಕಿಪೊಟ್ಟಣ ಜಾಗದಲ್ಲಿರಲಿಲ್ಲ. ಸಿಟ್ಟಿನಲ್ಲಿ ಗುಂಡಿ ಬಂದ್ ಮಾಡುವುದನ್ನೂ ಮರೆತು, ಗೊಣಗುತ್ತಾ ದೇವರ ಮನೆಯೆಲ್ಲ ತಡಕಾಡಿ ಅದನ್ನು ಹುಡುಕಿ ತಂದರು. ಒಲೆಯ ಮುಂದೆ ನಿಂತು ಕಡ್ಡಿ ತೆಗೆದರು.

ಸುಚೇತಾ ಓಡಿಬಂದು ಅವರ ಕೈ ಹಿಡಿದುಕೊಂಡಳು.

"ಗೀರಬೇಡಿ ಅತ್ತೆ! ಗ್ಯಾಸ್ ವಾಸನೆ ಅಂಗಳದವರೆಗೂ ಹೊಡೀತಿದೆ!"