ಪರವಾನಗಿಗೆ ಬೇಕಾದ ನೆನಪು

ಆ ದೇಶದಲ್ಲಿ ಅಂಗಡಿ ನಡೆಸುವ ವಿದೇಶಿಯರನ್ನು ಅಲ್ಲಿನ ನಾಗರಿಕರೊಬ್ಬರಾದರೂ ವರ್ಷಕ್ಕೊಮ್ಮೆ ತಾವಾಗಿಯೇ ನೆನೆದಿರಬೇಕು. ಇಲ್ಲದಿದ್ದರೆ ಪರವಾನಗಿ ರದ್ದಾಗುತ್ತದೆ. ವಾರದೊಳಗೆ ದೇಶ ಬಿಡಬೇಕು.

ಗದಗಿನ ನೀಲವ್ವ ಹಡಪದ ಒಂಬತ್ತು ವರ್ಷದಿಂದ ಅಲ್ಲಿ ಕ್ಷೌರದಂಗಡಿ ಇಟ್ಟಿದ್ದಳು. ಬಂದವರು ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡು ಕೂತು, ಎದ್ದು ಹೋಗುತ್ತಿದ್ದರು. ಅವಳ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ.

ಈ ವರ್ಷವೂ ಪರವಾನಗಿ ಕಚೇರಿಗೆ ಹೋಗಿ, ನೆನೆದವರಿದ್ದರೆ ತೋರಿಸುವ ಯಂತ್ರದ ಮೇಲೆ ಅಂಗೈ ಇಟ್ಟಳು. ಪರದೆ ಬಹಳ ಹೊತ್ತು ಖಾಲಿಯಾಗಿಯೇ ಇತ್ತು. ಗುಮಾಸ್ತ ಫಕೀರಪ್ಪ ಅವಳ ಕಡೆಯವನೇ, ನರಗುಂದದವನು.

"ಯುಗಾದಿಗೆ ನೀ ನನ್ನ ನೆನಸಿದ್ದೆಲ್ಲೋ ತಮ್ಮಾ, ಅದು ಸಾಲೂದಿಲ್ಲೇನು?"

"ನಾನೂ ಪರದೇಶದಾಂವನ ಅಲ್ಲೇನ್ರಿ ಅಕ್ಕಾರ. ನನ್ನ ನೆನಪು ನಡಿಯೂದಿಲ್ರಿ."

ಅಷ್ಟರಲ್ಲಿ ಪರದೆಯ ಮೇಲೆ ಒಂದೇ ಒಂದು ಹಸಿರು ಚುಕ್ಕೆ ಮೂಡಿತು.

"ಬಂತ್ರಿ! ಯಾರೋ ಒಬ್ರು ನೆನಸ್ಯಾರ."

"ಯಾರಪಾ ಅವರು?"

"ಅದನ್ನ ಹೇಳಾಕ ಕಾನೂನು ಬಿಡೂದಿಲ್ರಿ."

ನೀಲವ್ವ ಮುದ್ರೆ ಬಿದ್ದ ಕಾಗದ ಹಿಡಿದು ಅಂಗಡಿಗೆ ಮರಳಿದಳು. ಮಧ್ಯಾಹ್ನ ಐದು ಜನ ಬಂದರು. ಎಂದಿನಂತೆ ಕನ್ನಡಿ ನೋಡುತ್ತ ಕೂತರು. ಇವರೇ ಇರಬಹುದು, ಇವರೇ ಇರಬಹುದು ಎಂದುಕೊಳ್ಳುತ್ತ ಐವರ ಕೂದಲನ್ನೂ ಅವಳು ಎಂದಿಗಿಂತ ನಿಧಾನವಾಗಿ ಕತ್ತರಿಸಿದಳು.