ಮೇಲಿನ ಮನೆಯ ಕಿರುಚಾಟ

ಮೇಲಿನ ಮನೆಯ ಸವಿತಾ ಎರಡನೇ ಸಲ ಕಿರುಚಿದ್ದೇ ತಡ, ಚನ್ನಕ್ಕ ಒಲೆ ಸಣ್ಣ ಮಾಡಿ, ಕೈಯಲ್ಲಿದ್ದ ಮುದ್ದೆ ಕೋಲಿನ ಸಮೇತ ಮೆಟ್ಟಿಲು ಹತ್ತಿದಳು. ಬೊಮ್ಮಸಂದ್ರದಲ್ಲಿ ಆ ಮಹಡಿ ಕಟ್ಟಿ ಬಾಡಿಗೆಗೆ ಬಿಟ್ಟಾಗಿನಿಂದ ಅವಳದು ಒಂದೇ ಕಟ್ಟಳೆ: ಹೆಂಡತಿಗೆ ಹೊಡೆಯುವವನಿಗೆ ಇಲ್ಲಿ ಜಾಗವಿಲ್ಲ. ಹಾಗೆ ಹೊಡೆದ ಹಿಂದಿನ ಬಾಡಿಗೆದಾರನ ಪಾತ್ರೆ ಪಗಡಗಳನ್ನು ತಾನೇ ಬೀದಿಗೆ ಎಸೆದಿದ್ದಳು.

ಬಾಗಿಲು ತಳ್ಳಿದರೆ ಭಾನುವಾರದ ನಡುಮಧ್ಯಾಹ್ನದಲ್ಲೂ ಒಳಗೆ ಕತ್ತಲು. ಕಿಟಕಿಗೆ ಕಂಬಳಿ ಬಿಗಿದಿದ್ದರು. ಮೊದಲು ಕಣ್ಣಿಗೆ ಬಿದ್ದ ಸವಿತಾಳ ಗಂಡ ಬಸಲಿಂಗನ ಹೆಗಲಿಗೆ ಕೋಲು ಬಿತ್ತು.

“ಎಂಗ್ಸಿನ ಮೇಲೆ ಕೈ ಮಾಡ್ತೀಯೇನ್ಲಾ? ಈಗ್ಲೇ ಗಂಟು ಕಟ್ಟು, ನಡಿ ಆಚೆಗೆ!”

“ಅಕ್ಕಾರ, ನಾ ಏನೂ ಮಾಡಿಲ್ರೀ! ನಾನ ಅಂಜಿ ಕುಂತೀನ್ರೀ!”

ಅವನು ಹೇಳಿದ್ದು ನಿಜವೇ. ತಲೆದಿಂಬನ್ನು ಎದೆಗವಚಿಕೊಂಡು ಗೋಡೆಗೆ ಅಂಟಿದ್ದ. ಸವಿತಾ ಹಳೆಯ ಕಂಪ್ಯೂಟರೊಂದರ ಮುಂದೆ ಚಕ್ಕಳಮಕ್ಕಳ ಹಾಕಿ, ಮೌಸ್ ಹಿಡಿದು ಕುಳಿತಿದ್ದಳು. ಮೈಮೇಲೆ ಪೆಟ್ಟಿಲ್ಲ, ಕಣ್ಣಲ್ಲಿ ನೀರಿಲ್ಲ. ಮುಖ ನೋಡಿದರೆ ಅರಳಿಕೊಂಡಿದೆ.

“ಆಟ ರೀ ಅಕ್ಕಾರ. ಆಕಾಶದಾಗ ಎಲ್ಲೋ ಒಂದು ಚುಕ್ಕಿ ಮ್ಯಾಲೆ ಒಂದು ಫ್ಯಾಕ್ಟರಿ. ಕೆಲಸದೋರೆಲ್ಲ ಸತ್ತು ದೆವ್ವ ಆಗ್ಯಾರ. ನಾ ಒಬ್ಬಾಕಿ ಉಳದೀನಿ. ಕೈಯಾಗ ಬಂದೂಕ ಐತಿ.”

ಸುಮ್ಮನಿದ್ದವನಿಗೆ ಹೊಡೆದೆ ಎಂಬುದು ಚನ್ನಕ್ಕನಿಗೆ ಹೊಳೆಯಿತು. ತಪ್ಪು ತನ್ನದಾದಾಗ ಅವಳ ಸಿಟ್ಟು ಇನ್ನೂ ಏರುತ್ತಿತ್ತು.

“ಎದರ್ಕೊಳ್ಳೋಕೂ ಒಂದು ಆಟಾನಾ? ಬುದ್ಧಿ ನೆಟ್ಟಗೈತಾ ನಿಮ್ಗೆ? ಬೀದಿ ಜನ ನನ್ ಮನೇಲಿ ಕೊಲೆ ಆಯ್ತು ಅನ್ಕೊಳ್ಳಲ್ವಾ? ಆ ಡಬ್ಬಾನ ಇವತ್ತೇ ಸಾಗಾಕಿ. ಇಲ್ಲಾಂದ್ರೆ ಮನೆ ಖಾಲಿ ಮಾಡಿ!”

ಸವಿತಾಳ ಮುಖ ಬಾಡಿತು. ಆದರೂ ಮೌಸಿನ ಮೇಲಿನ ಕೈ ತೆಗೆಯಲಿಲ್ಲ.

“ವಾರ ಎಲ್ಲಾ ಫ್ಯಾಕ್ಟರ್ಯಾಗ ಔಷಧದ ಬಾಟ್ಲಿ ನೋಡ್ಕೋತ ಕುಂದರ್ತೀನ್ರಿ. ಬಾಯಿಗೆ ಮಾಸ್ಕು. ಸೂಪರ್‌ವೈಸರ್ ಬೈದ್ರೂ ತುಟಿ ಬಿಚ್ಚಂಗಿಲ್ಲ. ಇಲ್ಲಾದ್ರ ಅಂಜಿಕಿ ಬಂದ್ರ ಚೀರಬೋದು, ಸಿಟ್ಟು ಬಂದ್ರ ಗುಂಡು ಹೊಡಿಬೋದು. ಸೋಮವಾರ ಹಗೂರಾಗಿ ಕೆಲಸಕ್ಕ ಹೋಗ್ತೀನಿ. ಈ ಕಡೀ ಬಾಗ್ಲ ಒಂದು ದಾಟ್ತೀನ್ರಿ ಅಕ್ಕಾರ, ಆಮ್ಯಾಲೆ ನೀವು ಹೇಳ್ದಂಗ.”

“ಏನೈತೆ ಆ ಬಾಗ್ಲಿಂದೆ?”

“ಎಲ್ಲಾ ದೆವ್ವಕ್ಕಿಂತ ದೊಡ್ಡದು ಐತ್ರಿ.”

ಎಷ್ಟು ದೊಡ್ಡದೆಂದು ನೋಡಿ ಆಮೇಲೆ ಬೈಯೋಣವೆಂದು ಚನ್ನಕ್ಕ ಮಂಚದ ತುದಿಗೆ ಕುಳಿತಳು.

ಪರದೆಯ ಮೇಲೆ ಉದ್ದನೆಯ ಓಣಿ, ಗೋಡೆ ತುಂಬ ಪೈಪುಗಳು, ಮಿಣುಕುವ ಟ್ಯೂಬ್‌ಲೈಟು. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಏನೂ ಬರಲಿಲ್ಲ. ಏನೂ ಬರದೇ ಇರುವುದಕ್ಕೇ ಚನ್ನಕ್ಕನ ತೋಳಿನ ಕೂದಲು ನಿಮಿರಿದವು. ಹೊಲದ ಹಾವಿಗೆ, ಜಾಗ ಹೊಡೆಯಲು ಬಂದ ಬ್ರೋಕರುಗಳಿಗೆ, ಕುಡಿದು ಕೂಗಾಡುವ ಗಂಡಸರಿಗೆ ಹೆದರದವಳು ಸವಿತಾಳ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎದ್ದು ಹೋಗಬೇಕೆಂದು ಮಾತ್ರ ಅನಿಸಲಿಲ್ಲ. ಓಣಿಯ ಕೊನೆಯ ಬಾಗಿಲು ಸರಿಯಿತು. ಕತ್ತಲಲ್ಲಿ ಎರಡು ಕೆಂಪು ಕಣ್ಣುಗಳು ತೆರೆದವು.

“ಒಡಿಯೇ! ಎಡಕ್ಕೆ, ಎಡಕ್ಕೆ! ಅದ್ರ ಮನೆ ಹಾಳಾಗ, ಒಡಿಯೇ!” ಎಂದು ಚನ್ನಕ್ಕ ಚೀರಿದಳು.

ಪಟ್ಟೆಂದು ಪರದೆ ಕಪ್ಪಾಯಿತು. ಫ್ಯಾನು ನಿಂತಿತು.

“ಕರೆಂಟ್ ಹೋತು,” ಎಂದಳು ಸವಿತಾ, ಅಳು ಬಂದವಳಂತೆ. “ಪ್ರತಿ ವಾರ ಇಲ್ಲೇ ಹೋಗ್ತೈತ್ರಿ. ಮತ್ತ ಬಾಗ್ಲದಿಂದ ಸುರು ಮಾಡ್ಬೇಕು.”

ಚನ್ನಕ್ಕ ಏದುಸಿರು ಬಿಡುತ್ತಿದ್ದಳು. ಬೈಯಬೇಕೆಂದಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಕೆಳಗೆ ಅವಳ ಮನೆಯಲ್ಲಿ ಯುಪಿಎಸ್ ಇತ್ತು. ಬೇಸಿಗೆಯಲ್ಲಿ ಇದೇ ಗಂಡ ಹೆಂಡತಿ ಬಂದು ಒಂದು ಫ್ಯಾನಿಗಾದರೂ ಲೈನ್ ಕೊಡಿ ಎಂದಾಗ, ಬಾಡಿಗೆ ಮನೆಗೆಲ್ಲ ಅದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದಳು. ಈಗ ಎದ್ದು ಕಂಬಳಿ ಸರಿಸಿ, ಕಿಟಕಿಯಿಂದ ಕೆಳಗಿದ್ದ ಗಂಡನನ್ನು ಕೂಗಿದಳು.

“ಏನ್ರೀ! ಟೀವಿ ಪ್ಲಗ್ ಕೀಳಿ! ಆ ಉದ್ದನೆ ವೈರ್ ಬಾಕ್ಸ್ ಯುಪಿಎಸ್‌ಗೆ ಆಕಿ ಮೇಲಕ್ ಕೊಡಿ!”

“ಮ್ಯಾಚ್ ನೋಡ್ತಾವ್ನಿ ಕಣೇ!” ಮುನಿಯಣ್ಣನ ದನಿ ಬಂತು.

“ಮ್ಯಾಚು ಆಮೇಲೆ! ಇಲ್ಲಿ ದೊಡ್ಡದು ಕಾಯ್ತಾ ಕುಂತೈತೆ!”

ಬಸಲಿಂಗನ ಅಂಗಿಗೆ ಮೆತ್ತಿದ್ದ ರಾಗಿ ಹಿಟ್ಟನ್ನು ಚನ್ನಕ್ಕ ಸೆರಗಿನಿಂದ ಒರೆಸಿ, ಮುದ್ದೆ ಕೋಲನ್ನು ಅವನ ಕೈಗೆ ತುರುಕಿದಳು.

“ನೀನೋಗಿ ಮುದ್ದೆ ತಿರುವು. ಎಲ್ರೂ ಕೆಳಗೇ ಉಂಡ್ರಾಯ್ತು.”

“ನಮ್ಮ ಕಡೆ ರೊಟ್ಟಿ ರೀ ಅಕ್ಕಾರ. ಮುದ್ದಿ ಬರಂಗಿಲ್ಲ.”

“ಕಲಿ. ದೆವ್ವದ ಮುಂದಂತೂ ನಿಂತ್ಕೊಳ್ಳಲ್ಲ, ಒಲೆ ಮುಂದಾದ್ರೂ ನಿಂತ್ಕೊ.”

ಸ್ವಲ್ಪ ಹೊತ್ತಿನಲ್ಲಿ ಮೇಲಿನ ಮನೆಯಿಂದ ಎರಡು ಹೆಣ್ಣು ದನಿಗಳು ಒಟ್ಟಿಗೇ ಕಿರುಚಿದವು. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ಬೈಕ್ ನಿಲ್ಲಿಸಿ ಗಾಬರಿಯಿಂದ ತಲೆ ಎತ್ತಿದ.

“ಯಾರಣ್ಣ ಅದು? ಏನಾಯ್ತು?”

ಬಾಗಿಲಲ್ಲಿ ನಿಂತಿದ್ದ ಮುನಿಯಣ್ಣ, ಮಹಡಿಗೆ ಹತ್ತಿಹೋಗಿದ್ದ ವೈರನ್ನೊಮ್ಮೆ ನೋಡಿದ. ಅಡುಗೆಮನೆಯಲ್ಲಿ ಬಸಲಿಂಗ ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ಪಾತ್ರೆಯ ಜೊತೆ ಗುದ್ದಾಡುತ್ತಿದ್ದ.

“ನಮ್ಮನೆಯೋಳು ಕಣಪ್ಪ,” ಎಂದ ಮುನಿಯಣ್ಣ. “ಖುಷಿಯಾಗವ್ಳೆ. ನೀನೋಗು.”