ಹನ್ನೊಂದನೆಯ ತಿರುವು

ಹೊನ್ನೂರಪ್ಪನ ಪುಟ್ಟ ಕಾರು ಗುಡ್ಡ ಹತ್ತುತ್ತಾ ಹನ್ನೊಂದನೆಯ ತಿರುವಿನಲ್ಲಿ ನಿಂತುಬಿಟ್ಟಿತು. ಊರಿಗೆ ಇನ್ನೂ ಹದಿನೆಂಟು ತಿರುವುಗಳಿದ್ದವು.

ಕರೆಂಟು ಶಾಶ್ವತವಾಗಿ ಹೋದ ಮೇಲೆ ಕಾರುಗಳಿಗೆ ಇಳಿಜಾರೇ ಚಾರ್ಜರ್; ಭಾರ ಹೆಚ್ಚಿದಷ್ಟೂ ಇಳಿಯುವಾಗ ಮೋಟಾರು ತಿರುಗಿ ಬ್ಯಾಟರಿ ತುಂಬುತ್ತಿತ್ತು. ಎಲ್ಲರಂತೆ ಅವನೂ ಬೆಳಿಗ್ಗೆ ಕಾರಿನ ತುಂಬ ಕಲ್ಲು ಹೇರಿಕೊಂಡು ಮೋಟಾರಿನ ಹಿಡಿತದಲ್ಲೇ ಮೆಲ್ಲಗೆ ಇಳಿದಿದ್ದ. ಊರಲ್ಲಿ ಬೇರೆ ಕಲ್ಲು ಉಳಿದಿರಲಿಲ್ಲವಾದ್ದರಿಂದ ಈ ಸಲ ಮನೆಯ ಒರಳುಕಲ್ಲೂ ಹೋಗಿತ್ತು. ಕೆಳಗೆ ಅದನ್ನೆಲ್ಲ ಸುರಿದು, ನಾಲ್ವರು ಸೇರಿ ಎತ್ತಿಟ್ಟ ಆಕ್ಸಿಜನ್ ಸಿಲಿಂಡರನ್ನು ಅಪ್ಪನಿಗೆಂದು ಹಾಕಿಕೊಂಡು ಹೊರಟಿದ್ದ. ಆದರೆ ಇಳಿಯುವಾಗ ಒಂದೇ ಒಂದು ಸಲ ಬ್ರೇಕ್ ಕಿರ್ರೆಂದು ಕಿರುಚಿತ್ತು. ಕಿರುಚಿದಷ್ಟೂ ಚಾರ್ಜು ಬಿಸಿಯಾಗಿ ಗಾಳಿಪಾಲು.

ನೀರನ್ನೂ ಕೆಳಗಿನಿಂದ ಕಾರಿನಲ್ಲೇ ತರಬೇಕಾದ್ದರಿಂದ ಕಾರಿಲ್ಲದವರಿಗೆ ಮೇಲೆ ನೀರೂ ಇಲ್ಲ. ಹಾಗಾಗಿ ದಾರಿಯಲ್ಲಿ ಚಾರ್ಜು ಮುಗಿದು ನಿಂತವರು ಕಾರು ಬಿಟ್ಟು ಹೋಗದೆ ನಿಂತಲ್ಲೇ, ಕಾರುಗಳಲ್ಲೇ ಸಂಸಾರ ಹೂಡಿದ್ದರು. ಅಂಥದೊಂದು ಕಾರಿನಿಂದ ಹುಲಿಗೆಮ್ಮ ಎಂಬ ಮುದುಕಿ ಇಳಿದು ಬಂದಳು. ಹೊಸಬರನ್ನು ಇಲ್ಲಿ ಕೇಳುವುದು ಒಂದೇ ಮಾತು.

“ಯಾರಿಗೆ ಬ್ರೇಕ್ ಹಾಕಿದಿ ತಮ್ಮಾ?”

“ನಾಯಿಗೆ.”

“ಬದುಕ್ತೇನು?”

“ಹ್ಞೂಂ.”

“ನಿಂದೇ ವಾಸಿ. ನಾನು ಕೂಸು ಅಂದ್ಕಂಡು ಹಾಕಿದ್ದೆ. ನೋಡಿದ್ರ ಪ್ಲಾಸ್ಟಿಕ್ ಕವರು. ಒಂಬತ್ತು ವರ್ಷಾತು.”

ಊರಿನ ಕಾರೊಂದು ಪಕ್ಕದಲ್ಲೇ ಹತ್ತಿ ಹೋಯಿತು. ಹೊನ್ನೂರಪ್ಪ ಕೈ ಅಡ್ಡ ಹಿಡಿಯಲಿಲ್ಲ. ನಿಂತರೆ ಅದೂ ಮತ್ತೆ ಹತ್ತಲಾರದು. ಒಳಗಿದ್ದವರು ಮುಖ ತಿರುಗಿಸಿಕೊಂಡರು.

“ಯಮ್ಮಾ, ಅಪ್ಪಗ ಮನ್ಯಾಗಿರೋ ಸಿಲಿಂಡರ್ ನಾಳೆ ಮುಂಜಾನೆತನ ಅಷ್ಟೇ ಬರ್ತೈತಿ,” ಎಂದ.

ಹುಲಿಗೆಮ್ಮ ಕಿಟಕಿಯಿಂದ ಇಣುಕಿ ಸಿಲಿಂಡರನ್ನು ನೋಡಿದಳು.

“ಅದನ್ನ ಹೊರಗ ಉರುಳಿಸು,” ಎಂದಳು. “ಕಾಲು ಚಾಚಾಕ ಜಾಗ ಆಗ್ತೈತಿ.”